ಶೇಂಗಾ ಕಾಳಿನಷ್ಟು ಬಲ್ಬು, ನೂರು ವರ್ಷದ ಕಥಿ

ಭಾಗ 1/9 👇 ಸ್ವೈಪ್ ಮಾಡ್ಕೋತ ಓದ್ರಿ

ಈ ಸಲದ ಇತಿಹಾಸ ಸರಣಿ ರಾಜರದ್ದಲ್ಲ, ಕೋಟೆದ್ದೂ ಅಲ್ಲ. ಕಾರಿನ ಡ್ಯಾಶ್‌ಬೋರ್ಡ್‌ನ್ಯಾಗ, ಸ್ವಿಚ್ಚಿನ ಹಿಂದ ಕುಂತ ಒಂದು ಸಣ್ಣ ಬಲ್ಬಿಂದು.

ಮೊದಲ ಫೋಟೋ ನೋಡ್ರಿ. ಕೆಂಪು ತ್ರಿಕೋನ ಇರೋ ಗುಂಡಿ ಐತಲ್ಲ, ಅದು ಹಝಾರ್ಡ್ ಸ್ವಿಚ್. ಒತ್ತಿದರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕ್ತಾವ. ಗಾಡಿ ಕೆಟ್ಟು ನಿಂತಾಗ ಹಿಂದಿನವರಿಗೆ "ಇಲ್ಲಿ ಒಂದು ಗಾಡಿ ನಿಂತೈತಿ" ಅಂತ ಹೇಳೋದು ಅದರ ಕೆಲಸ. ಹೆಡ್‌ಲೈಟ್ ಹಾಕಿದಾಗ ಆ ತ್ರಿಕೋನ ಕತ್ತಲಲ್ಲಿ ಮಂದಾಗಿ ಹೊಳೀಬೇಕು. ಹೊಳೆಯದಿದ್ದರೆ ಒಳಗಿನ ಬಲ್ಬು ಹೋಗಿದೆ ಅಂತ ಅರ್ಥ. ಸ್ವಿಚ್ ಕೆಲಸ ಮಾಡ್ತದ, ಆದರೆ ಕಾಣೋದಿಲ್ಲ.

"ಅಷ್ಟೇನಾ?" ಅನ್ನಬ್ಯಾಡ್ರಿ. ತೇರದಾಳ, ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ ಈ ಕಡಿ ಇರೋರಿಗೆ ಕಬ್ಬಿನ ಸೀಜನ್ ಅಂದರೆ ಏನಂತ ಗೊತ್ತು. ರಾತ್ರಿ ರಸ್ತೆ ತುಂಬ ಜೋಡಿ ಟ್ರೇಲರ್ ಎಳೆಯೋ ಟ್ರ್ಯಾಕ್ಟರ್. ಎಷ್ಟೋ ಟ್ರೇಲರಿಗೆ ಹಿಂದ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಅಂಥ ರಸ್ತೆಯಲ್ಲಿ ಗಾಡಿ ಬಂದ್ ಬಿದ್ದರೆ, ಬೇರೆಯವರ ಗಾಡಿ ಓಡಿಸ್ತಿರೋ ಒಬ್ಬ ಡ್ರೈವರ್ ಕತ್ತಲಲ್ಲಿ ಆ ಗುಂಡಿ ಹುಡುಕೋಕೆ ತಗೊಳ್ಳೋ ಐದು ಸೆಕೆಂಡು ಬಹಳ ದೊಡ್ಡ ಟೈಮು.

ಆ ಐದು ಸೆಕೆಂಡು ಉಳಿಸೋ ವಸ್ತುವಿನ ಗಾತ್ರ ಒಂದು ಶೇಂಗಾ ಕಾಳಿನಷ್ಟು. ಅದು ಎಲ್ಲಿಂದ ಬಂತು, ಯಾಕೆ ಹೋಗ್ತದ, ಈಗ ಯಾಕೆ ಕಾಣೆ ಆಗಾಕತ್ತದ, ಅದರ ಜೋಡಿ ಯಾರ ಕೆಲಸ ಕಾಣೆ ಆಗಾಕತ್ತದ, ಒಂದೊಂದಾಗಿ ನೋಡೋಣ.

———

ಭಾಗ 2/9: ಡ್ಯಾಶ್‌ಬೋರ್ಡ್ ಅಂದರ ಮೂಲದಾಗ ಏನು?

ಡ್ಯಾಶ್‌ಬೋರ್ಡ್ ಅನ್ನೋ ಪದ ಕಾರಿಗಿಂತ ಹಳೇದು. ಕುದುರೆ ಗಾಡಿಯಲ್ಲಿ ಕೂತವರ ಮುಂದೆ ಒಂದು ಹಲಗೆ ಇರ್ತಿತ್ತು. ಕುದುರೆ ಓಡುವಾಗ ಗೊರಸಿನಿಂದ ಸಿಡಿಯೋ ಕೆಸರು ಮೈಮೇಲೆ ಬೀಳಬಾರದು ಅಂತ ಅದು. ಕುದುರೆ ಹೋಯ್ತು, ಕೆಸರೂ ಹೋಯ್ತು, ಹಲಗೆಯ ಹೆಸರು ಮಾತ್ರ ಉಳೀತು. ನಮ್ಮಲ್ಲಿ ಟಾಂಗಾ ಹೋದರೂ "ಟಾಂಗಾ ಸ್ಟ್ಯಾಂಡ್" ಅನ್ನೋ ಹೆಸರು ಕೆಲವು ಊರಾಗ ಉಳಿದೈತಲ್ಲ, ಹಂಗ.

ಮೊದಲಿನ ಕಾರುಗಳಲ್ಲಿ ವಿದ್ಯುತ್ ದೀಪ ಇರಲಿಲ್ಲ. ಮುಂದೆ ಕಾರ್ಬೈಡ್ ದೀಪ, ಪಕ್ಕ-ಹಿಂದೆ ಎಣ್ಣೆ ದೀಪ. ಕಾರ್ಬೈಡ್ ಕಲ್ಲಿನ ಮೇಲೆ ನೀರು ಹನಿಸಿದರೆ ಅಸಿಟಿಲೀನ್ ಗ್ಯಾಸ್ ಬರ್ತದ, ಅದಕ್ಕೆ ಬೆಂಕಿ ಹಚ್ಚಬೇಕು. ರಾತ್ರಿ ಹೊರಡೋದಂದರೆ ಕೆಳಗಿಳಿದು ಕಡ್ಡಿ ಗೀರೋ ಕೆಲಸ. ಗಾಡಿ ಚಾಲೂ ಮಾಡೋಕೂ ಕೈಯಿಂದ ಹ್ಯಾಂಡಲ್ ತಿರುವಬೇಕು. ಹ್ಯಾಂಡಲ್ ತಿರುಗಿ ಹೊಡೆದರೆ ಕೈ ಮುರೀತಿತ್ತು.

ಇದನ್ನ ಬದಲಿಸಿದ್ದು 1912ರ ಕ್ಯಾಡಿಲಾಕ್ ಕಾರು. ಚಾರ್ಲ್ಸ್ ಕೆಟರಿಂಗ್ ಅನ್ನೋ ಇಂಜಿನಿಯರ್ ಅದಕ್ಕೆ ವಿದ್ಯುತ್ ಸ್ಟಾರ್ಟರ್ ಕೊಟ್ಟ. ಸ್ಟಾರ್ಟರ್‌ಗೆ ಬ್ಯಾಟರಿ ಬೇಕು, ಬ್ಯಾಟರಿ ತುಂಬೋಕೆ ಜನರೇಟರ್ ಬೇಕು. ಅವೆರಡೂ ಬಂದ ಮೇಲೆ ದೀಪಕ್ಕೆ ಕಡ್ಡಿ ಗೀರೋ ಅಗತ್ಯವೇ ಉಳೀಲಿಲ್ಲ. ಅಂದರೆ ಸ್ವಿಚ್ಚಿನ ಹಿಂದಿನ ಬಲ್ಬಿಗೆ ದಾರಿ ಮಾಡಿಕೊಟ್ಟಿದ್ದು ಬೆಳಕಿನ ಆಸೆ ಅಲ್ಲ, ಕೈ ಮುರಿಯೋ ಹ್ಯಾಂಡಲ್!

ಬಹಳ ವರ್ಷ ಕಾರುಗಳು 6 ವೋಲ್ಟಿನ ಮೇಲೆ ಓಡಿದ್ವು. 1950ರ ದಶಕದಲ್ಲಿ 12 ವೋಲ್ಟ್ ರೂಢಿಗೆ ಬಂತು. ಇವತ್ತಿನ ಪೆಟ್ರೋಲ್, ಡೀಸೆಲ್ ಕಾರಿನ ಬ್ಯಾಟರಿಯೂ ಅದೇ 12.

ಹಝಾರ್ಡ್ ಲೈಟ್ ಇನ್ನೂ ತಡವಾಗಿ ಬಂದದ್ದು. ಅಮೆರಿಕದ ಕಾರುಗಳಲ್ಲಿ ಅದು ಸಾಮಾನ್ಯ ಆಗಿದ್ದು 1960ರ ದಶಕದಲ್ಲಿ.

———

ಭಾಗ 3/9: ಒಂದು ತಂತಿಗಾಗಿ ಮೂವತ್ತು ವರ್ಷ

ಎಡಿಸನ್ 1879ರಲ್ಲಿ ಬಲ್ಬು ಉರಿಸಿದ ಅಂತ ಎಲ್ಲರೂ ಶಾಲೆಯಲ್ಲಿ ಓದೇವಿ. ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಅದೇ ಹೊತ್ತಿಗೆ ಅದೇ ಕೆಲಸ ಮಾಡಿದ್ದ. ಆದರೆ ಅವರ ಬಲ್ಬಿನ ಒಳಗಿದ್ದದ್ದು ಕಾರ್ಬನ್ ಎಳೆ, ಅಂದರೆ ಇದ್ದಿಲಿನ ನೂಲು ಅಂತ ತಿಳ್ಕೊಳ್ರಿ. ಗೋಡೆಗೆ ನೇತು ಹಾಕಿದರೆ ಸರಿ, ಎಗರಾಡೋ ಗಾಡಿಗೆ ಅದು ಹೊಂದೋ ವಸ್ತು ಅಲ್ಲ.

ಇದಕ್ಕೆ ಉತ್ತರ ಟಂಗ್‌ಸ್ಟನ್. ಎಲ್ಲ ಲೋಹಗಳಲ್ಲಿ ಅತಿ ಹೆಚ್ಚು ಉಷ್ಣತೆಗೆ ಕರಗೋ ಲೋಹ ಅದು, ಸುಮಾರು 3,422 ಡಿಗ್ರಿ ಸೆಲ್ಸಿಯಸ್. ಎಷ್ಟು ಕಾಯಿಸಿದರೂ ತಡ್ಕೋತದ, ಆದರೆ ಗಾಜಿನ ಬಳೆ ಹಂಗ ಒಡೀತದ. ಎಳೆಯಾಗಿ ಎಳೆಯೋಕೆ ಬರೋದಿಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಕೂಲಿಡ್ಜ್ 1910ರ ಹೊತ್ತಿಗೆ ಇದಕ್ಕೆ ದಾರಿ ಕಂಡುಹಿಡಿದ. ಲೋಹದ ಪುಡಿಯನ್ನ ಒತ್ತಿ, ಕಾಯಿಸಿ, ಬಡಿದು ಬಡಿದು, ಕೊನೆಗೆ ಕೂದಲಿಗಿಂತ ಸಣ್ಣ ತಂತಿಯಾಗಿ ಎಳೆದ.

ನಮ್ಮ ಕಡಿ ನೇಕಾರರ ಮನೆ ಮಕ್ಕಳಿಗೆ ಇದು ಬೇಗ ತಿಳೀತದ. ಎಳೆ ಗಟ್ಟಿ ಇರಬೇಕು, ಆದರೆ ಬಾಗಬೇಕು. ಬಾಗದ ಎಳೆ ಮಗ್ಗದ ಮೇಲೆ ನಿಲ್ಲೋದಿಲ್ಲ. ಕೂಲಿಡ್ಜ್ ಮಾಡಿದ್ದು ಅಷ್ಟೇ, ಬಾಗದ ಲೋಹಕ್ಕೆ ಬಾಗೋದು ಕಲಿಸಿದ.

ತಂತಿ ಬಾಗಿದ ಮೇಲೆ ಅದನ್ನ ಸ್ಪ್ರಿಂಗಿನ ಹಾಗೆ ಸುತ್ತಬಹುದು. ಸುತ್ತಿದರೆ ಉದ್ದ ತಂತಿ ಸಣ್ಣ ಜಾಗದಲ್ಲಿ ಕೂರ್ತದ, ಝಟಕಾ ಸ್ವಲ್ಪ ತಡ್ಕೋತದ. ಶೇಂಗಾ ಕಾಳಿನಷ್ಟು ಬಲ್ಬು ಸಾಧ್ಯ ಆಗಿದ್ದು ಇದರಿಂದ. ಕೆಟರಿಂಗ್‌ನ ಬ್ಯಾಟರಿ, ಕೂಲಿಡ್ಜ್‌ನ ತಂತಿ ಎರಡೂ ಎರಡೇ ವರ್ಷದ ಅಂತರದಲ್ಲಿ ಬಂದ್ವು. ಕಾರಿಗೆ ಕರೆಂಟೂ ಸಿಕ್ಕಿತು, ಕುಲುಕಾಟ ತಡೆಯೋ ದೀಪವೂ ಸಿಕ್ಕಿತು.

———

ಭಾಗ 4/9: ಕರ್ನಾಟಕದಾಗ ಬೆಳಕು, ಎರಡು ದಿಕ್ಕಿನಿಂದ

ಶಿವನಸಮುದ್ರದ ಕಥಿ ನಿಮಗೆ ಗೊತ್ತಿರಬಹುದು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟ್ ಹೋಯ್ತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೊಂದು. 1905ರ ಆಗಸ್ಟ್ 5ಕ್ಕೆ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. 1936ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲಕ್ಕೆ, ಮಲ್ಲೇಶ್ವರದಲ್ಲಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಶುರುವಾಯ್ತು. ಕರೆಂಟ್ ಮಾಡೋರಷ್ಟೇ ಅಲ್ಲ, ಬಲ್ಬು ಮಾಡೋರೂ ನಾವೇ ಆದ್ವಿ.

ಆದರೆ ಆ "ನಾವು" ಒಳಗ ತೇರದಾಳ ಇರಲಿಲ್ಲ, ನೋಡ್ರಿ. ಆಗ ತೇರದಾಳ ಸಾಂಗ್ಲಿ ಸಂಸ್ಥಾನದ ಒಂದು ತಾಲೂಕು. ಪಕ್ಕದ ಜಮಖಂಡಿ ಬೇರೆ ಸಂಸ್ಥಾನ, ಮುಧೋಳ ಮತ್ತೊಂದು. 1948ರಲ್ಲಿ ಇವೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ವು, 1956ಕ್ಕೆ ಮೈಸೂರು ರಾಜ್ಯಕ್ಕೆ ಬಂದ್ವು. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ. ಹಂಗಾಗಿ ನಮ್ಮ ಕಡಿ ಯಂತ್ರದ ಕಥಿ ಬೆಂಗಳೂರಿನಿಂದ ಬರೋದಿಲ್ಲ, ಗೋಕಾಕ-ಬೆಳಗಾವಿ ದಿಕ್ಕಿನಿಂದ ಬರ್ತದ. ಗೋಕಾಕ ಫಾಲ್ಸ್‌ನಲ್ಲಿ 1880ರ ದಶಕದಲ್ಲೇ ಘಟಪ್ರಭೆಯ ನೀರಿನ ಬಲದ ಮೇಲೆ ನೂಲಿನ ಗಿರಣಿ ಓಡಾಕತ್ತಿತ್ತು.

ಇನ್ನೊಂದು ಹೆಸರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಹಾಕಿದರು. ಸೈಕಲ್ ಮಾರೋದು, ಸೈಕಲ್ ರಿಪೇರಿ ಮಾಡೋದು. ಅಲ್ಲಿಂದ ಮೇವು ಕತ್ತರಿಸೋ ಯಂತ್ರ, ಕಬ್ಬಿಣದ ನೇಗಿಲು. 1910ರಲ್ಲಿ ಔಂಧ್ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ.

ಈಗ ಕಾರಿಗೆ ಬರ್ರಿ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟರ್ ಕಂಪನಿ ಸ್ಥಾಪನೆ ಆಯ್ತು, ಬಿಡದಿಯಲ್ಲಿ ಕಾರ್ಖಾನೆ, ಮೊದಲ ಗಾಡಿ ಕ್ವಾಲಿಸ್. ಮದುವಿ ದಿಬ್ಬಣಕ್ಕ, ಯಾತ್ರಾಕ್ಕ ಅದರಾಗ ಹತ್ತು ಜನ ತುಂಬಿ ಹೋದದ್ದು ನಮ್ಮ ಮನಿ ದೊಡ್ಡೋರಿಗೆ ನೆನಪೈತಿ. ಆ ಕಂಪನಿ ಹೆಸರಿನ ಅರ್ಧ ಭಾಗ ಬೆಳಗಾವಿಯ ಒಂದು ಸೈಕಲ್ ರಿಪೇರಿ ಅಂಗಡಿಯಿಂದ ಬಂದದ್ದು. ರಿಪೇರಿ ಮಾಡೋ ಕೈಯೇ ಮುಂದ ತಯಾರಿಸೋ ಕೈ ಆಯ್ತು. ಈ ಮಾತು ನೆನಪಿಟ್ಕೊಳ್ರಿ, ಎಂಟನೇ ಭಾಗದಾಗ ಬೇಕಾಗ್ತದ.

———

ಭಾಗ 5/9: ಬಿಕಾಂ ದೋಸ್ತ್ರಿಗೆ ವಿಶೇಷ 📒

ಕಾರ್ಟೆಲ್ ಅಂದರೆ ಏನು? ಮಾರುಕಟ್ಟೆಯಲ್ಲಿ ಪೈಪೋಟಿ ಮಾಡಬೇಕಾದ ಕಂಪನಿಗಳು ಒಳಗೊಳಗೇ ಕೈ ಮಿಲಾಯಿಸಿ ಬೆಲೆ, ಪಾಲು, ಗುಣಮಟ್ಟ ನಿರ್ಧಾರ ಮಾಡೋದು. ಪರೀಕ್ಷೆಗೆ ಉದಾಹರಣೆ ಬೇಕಾದರೆ ಬಲ್ಬಿಗಿಂತ ಒಳ್ಳೇದು ಸಿಗೋದಿಲ್ಲ.

1924ರ ಡಿಸೆಂಬರ್‌ನಲ್ಲಿ ಜಿನೀವಾದಲ್ಲಿ ಫೀಬಸ್ ಅನ್ನೋ ಕೂಟ ಹುಟ್ಟಿತು. ಜರ್ಮನಿಯ ಓಸ್ರಾಮ್, ಹಾಲೆಂಡಿನ ಫಿಲಿಪ್ಸ್, ಹಂಗೇರಿಯ ಟಂಗ್‌ಸ್ರಾಮ್, ಫ್ರಾನ್ಸ್ ಮತ್ತು ಬ್ರಿಟನ್ನಿನ ಕಂಪನಿಗಳು, ಜೊತೆಗೆ ಜನರಲ್ ಎಲೆಕ್ಟ್ರಿಕ್‌ನ ಅಂಗಸಂಸ್ಥೆಗಳು. ಜಗತ್ತನ್ನ ಹಂಚಿಕೊಂಡರು. ಮನೆ ಬಲ್ಬಿನ ಆಯುಷ್ಯ 1,000 ಗಂಟೆ ಅಂತ ನಿಗದಿ ಮಾಡಿದರು. ಅದಕ್ಕಿಂತ ಹೆಚ್ಚು ಬಾಳೋ ಬಲ್ಬು ಮಾಡಿದ ಸದಸ್ಯ ಕಂಪನಿಗೆ ದಂಡ! ಬಲ್ಬು ತೆಗೆದು ಉರಿಸಿ ನೋಡೋಕೆ ಪ್ರಯೋಗಾಲಯವೂ ಇತ್ತು. ಎರಡನೇ ಮಹಾಯುದ್ಧ ಬಂದಾಗ ಕೂಟ ಮುರೀತು.

ಇಲ್ಲಿ ಎರಡೂ ಕಡೆ ನೋಡಬೇಕು. ಬಲ್ಬಿನ ಎಳೆಯನ್ನ ಕಡಿಮೆ ಕಾಯಿಸಿದರೆ ಬಹಳ ದಿನ ಬಾಳ್ತದ, ಆದರೆ ಬೆಳಕು ಕಡಿಮೆ, ಅದೇ ಬೆಳಕಿಗೆ ಕರೆಂಟ್ ಖರ್ಚು ಹೆಚ್ಚು. ಹೆಚ್ಚು ಕಾಯಿಸಿದರೆ ಬೆಳಕು ಚಲೋ, ಆಯುಷ್ಯ ಕಡಿಮೆ. 1951ರಲ್ಲಿ ಬ್ರಿಟನ್ನಿನ ಏಕಸ್ವಾಮ್ಯ ಆಯೋಗ ಬಲ್ಬಿನ ಬಗ್ಗೆ ವರದಿ ಕೊಟ್ಟಾಗ, ಬಹಳ ಬಾಳೋ ಬಲ್ಬೇ ಎಲ್ಲ ಸಲ ಒಳ್ಳೇ ಬಲ್ಬು ಅನ್ನೋ ಹಾಗಿಲ್ಲ ಅಂತಲೇ ಹೇಳ್ತು. ಅದು ನಿಜವೇ. ಪ್ರಶ್ನೆ ಬೇರೆ: ಆ ಲೆಕ್ಕ ಹಾಕಬೇಕಾದವರು ಯಾರು? ರೊಕ್ಕ ಕೊಡೋ ಗಿರಾಕಿನೋ, ಬಾಗಿಲು ಹಾಕ್ಕೊಂಡು ಕೂತ ನಾಲ್ಕು ಕಂಪನಿನೋ?

ಡ್ಯಾಶ್‌ಬೋರ್ಡಿನ ಬಲ್ಬು ಈ ಲೆಕ್ಕದ ಇನ್ನೊಂದು ತುದಿ. ಅಲ್ಲಿ ಬಹಳ ಬೆಳಕು ಬೇಡ, ಕಣ್ಣಿಗೆ ಹೊಡೀತದ. ಅದಕ್ಕೇ ಅದನ್ನ ಮಂದಾಗಿ, ತಣ್ಣಗೆ ಉರಿಯೋ ಹಾಗೆ ಮಾಡಿರ್ತಾರ. ಎಷ್ಟೋ ಕಾರಿನಲ್ಲಿ ಹತ್ತು-ಹದಿನೈದು ವರ್ಷ ಬಾಳ್ತದ.

———

ಭಾಗ 6/9: ಹಂಗಾದರ ಯಾಕ ಹೋಗ್ತದ?

ಸಾಮಾನ್ಯವಾಗಿ ಸ್ವಿಚ್ಚಿನ ಹಿಂದೆ ಇರೋದು ಟಿ5 ಅಥವಾ ಅದಕ್ಕಿಂತ ಸಣ್ಣ ಬಲ್ಬು. ಟಿ5ರ ಗಾಜಿನ ದಪ್ಪ ಸುಮಾರು 5 ಮಿಲಿಮೀಟರ್. 12 ವೋಲ್ಟ್, 1.2 ವ್ಯಾಟ್. ಲೆಕ್ಕ ಸುಲಭ: 1.2 ಭಾಗಿಸು 12, ಅಂದರೆ 0.1 ಆಂಪಿಯರ್. ಈ ಬಲ್ಬಿಗೆ ಲೋಹದ ಟೋಪಿ ಇರೋದಿಲ್ಲ. ಗಾಜಿನ ಬುಡವೇ ಚಪ್ಪಟೆ, ಎರಡು ತಂತಿ ಎರಡು ಕಡೆ ಮಡಚಿರ್ತಾವ. ಹೋಲ್ಡರಿಗೆ ತುರುಕಿದರೆ ಆಯ್ತು.

ಸಾಯೋ ಕಾರಣ ಮೂರು.

ಒಂದು, ವೋಲ್ಟೇಜ್. ಹೆಸರಿಗೆ 12. ಇಂಜಿನ್ ಓಡುವಾಗ ಆಲ್ಟರ್ನೇಟರ್ ಕೊಡೋದು ಸುಮಾರು 13.8ರಿಂದ 14.4. ಎಳೆ ಬಲ್ಬಿನ ಆಯುಷ್ಯ ವೋಲ್ಟೇಜಿನ ಸುಮಾರು 12ನೇ ಘಾತದಷ್ಟು ಬೀಳ್ತದ ಅಂತ ಲೆಕ್ಕ. ಕ್ಯಾಲ್ಕುಲೇಟರ್ ತಗೊಳ್ರಿ: 1.1ನ್ನ ಹನ್ನೆರಡು ಸಲ ಗುಣಿಸಿದರೆ 3.1. ಅಂದರೆ ಶೇಕಡಾ 10 ವೋಲ್ಟ್ ಹೆಚ್ಚಾದರೆ ಆಯುಷ್ಯ ಮೂರನೇ ಒಂದು ಭಾಗಕ್ಕೆ ಇಳೀತು! ಚಕ್ರಬಡ್ಡಿ ಲೆಕ್ಕ ಮಾಡಿದೋರಿಗೆ ಇದರ ಬಿಸಿ ಗೊತ್ತಾಗ್ತದ. ಅದಕ್ಕೇ 14 ವೋಲ್ಟ್ ಅಂತ ಬರೆದ ಬಲ್ಬೂ ಮಾರಾಟಕ್ಕೆ ಬರ್ತಾವ. ಅದಕ್ಕೇ, ಡಿಮ್ಮರ್ ತಿರುವಿ ಡ್ಯಾಶ್ ಬೆಳಕು ಕಡಿಮೆ ಇಟ್ಟೋರ ಬಲ್ಬು ಹೆಚ್ಚು ದಿನ ಬಾಳ್ತಾವ.

ಎರಡು, ಸವೆತ. ಬಿಸಿಗೆ ಟಂಗ್‌ಸ್ಟನ್ ನಿಧಾನಕ್ಕೆ ಆವಿಯಾಗಿ ಗಾಜಿನ ಒಳಗೆ ಕಪ್ಪಗೆ ಅಂಟ್ತದ. ಒಂದು ಕಡೆ ಎಳೆ ಸಣ್ಣಾದರೆ ಆ ಜಾಗ ಇನ್ನೂ ಬಿಸಿ, ಇನ್ನೂ ಸವೆತ. ತಣ್ಣಗಿರುವಾಗ ಎಳೆಯ ತಡೆ ಬಿಸಿ ಇರುವಾಗಿನ ಹತ್ತನೇ ಒಂದು ಭಾಗದಷ್ಟೇ ಇರ್ತದ, ಹಂಗಾಗಿ ಹಚ್ಚಿದ ಕ್ಷಣ ಕರೆಂಟ್ ಭರ್ರಂತ ನುಗ್ತದ. ಬಲ್ಬು ಹೆಚ್ಚಾಗಿ ಹಚ್ಚಿದ ಕೂಡಲೇ ಹೋಗೋದು ಅದಕ್ಕೇ.

ಮೂರು, ನಮ್ಮ ರಸ್ತೆ. ಇದಕ್ಕ ವಿವರಣೆ ಬೇಕಾ? 😅

———

ಭಾಗ 7/9: ಕೈಯಾರೆ ಬದಲಿಸೋದು 🔧

ನಮ್ಮ ಕಾಕಾನ ಗಾಡಿ ಬಾಡಿಗಿ ಓಡ್ತದ. ಹಝಾರ್ಡ್ ಗುಂಡಿ ಬೆಳಕು ಹೋದಾಗ ಕಂಪನಿ ಸರ್ವಿಸ್ ಸೆಂಟರಿನಾಗ "ಬಲ್ಬು ಬೇರೆ ಬರಂಗಿಲ್ಲ, ಪೂರಾ ಸ್ವಿಚ್ ಬದಲಿಸಬೇಕು" ಅಂದರಂತ. ಆ ಸ್ವಿಚ್ಚಿನ ರೇಟಿನಾಗ ಅಂಥ ಬಲ್ಬು ಒಂದು ಬೊಗಸಿ ಬರ್ತಾವ. ಕಾಕಾ ಗಾಡಿ ತಂದು ನಮ್ಮೂರ ಆಟೋ ಎಲೆಕ್ಟ್ರಿಷಿಯನ್ ಅಣ್ಣನ ಮುಂದ ನಿಲ್ಲಿಸಿದ. ಅಣ್ಣ ಸ್ವಿಚ್ ತಿರುವಿ ನೋಡಿ, "ಬಲ್ಬು ಬರತೈತ್ರಿ ಕಾಕಾ, ಕುಂದರ್ರಿ, ಚಾ ಕುಡೀರಿ" ಅಂದ. ಚಾ ಆರೋದ್ರಾಗ ಕೆಲಸ ಮುಗೀತು. ಅವನು ಮಾಡಿದ್ದನ್ನ ನಾ ನಿಂತು ನೋಡಿ ಬರ್ಕೊಂಡೆ. ಕ್ರಮ ಇದು:

1. ಮೊದಲು ಫ್ಯೂಸ್ ನೋಡಬೇಕು. ಒಂದೇ ಸ್ವಿಚ್ ಕತ್ತಲಾದರೆ ಬಲ್ಬು. ಎಲ್ಲ ಸ್ವಿಚ್, ಮೀಟರ್ ಒಟ್ಟಿಗೆ ಕತ್ತಲಾದರೆ ಫ್ಯೂಸ್ ಅಥವಾ ಡಿಮ್ಮರ್.

2. ಕೀ ತೆಗೆದು, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಬೇಕು. ಹಝಾರ್ಡ್ ಲೈನಿಗೆ ಕೀ ಇಲ್ಲದಿದ್ದರೂ ಕರೆಂಟ್ ಇರ್ತದ, ಕೀ ತೆಗೆದರೆ ಸಾಕು ಅನ್ನಂಗಿಲ್ಲ. ಏರ್‌ಬ್ಯಾಗ್ ಇದ್ದ ಗಾಡಿಯಲ್ಲಿ ಬಿಚ್ಚಿದ ಮೇಲೆ ಕೆಲವು ನಿಮಿಷ ಕಾಯಬೇಕು, ಹಳದಿ ಬಣ್ಣದ ಕನೆಕ್ಟರ್ ಮುಟ್ಟಲೇಬಾರದು.

3. ಸ್ವಿಚ್ಚಿನ ಸುತ್ತಲಿನ ಪಟ್ಟಿಯನ್ನ ಪ್ಲಾಸ್ಟಿಕ್ ಪಟ್ಟಿಯಿಂದ ನಿಧಾನಕ್ಕೆ ಎಬ್ಬಿಸಬೇಕು. ಸ್ಕ್ರೂಡ್ರೈವರ್ ಹಾಕೋದಾದರೆ ತುದಿಗೆ ಬಟ್ಟೆ ಸುತ್ತಬೇಕು.

4. ಸ್ವಿಚ್ ಹೊರಗೆ ಬಂದ ಮೇಲೆ ಹಿಂದಿನ ಕನೆಕ್ಟರಿನ ನಾಲಿಗೆ ಒತ್ತಿ ಎಳೆಯಬೇಕು. ವೈರ್ ಹಿಡಿದು ಎಳೆಯಬಾರದು.

5. ಹಿಂದೆ ಸಣ್ಣ ಹೋಲ್ಡರ್ ಕಾಣ್ತದ, ಗೀಟಿನ ತಲೆ ಇರ್ತದ. ಎಡಕ್ಕೆ ಕಾಲು ಸುತ್ತು ತಿರುವಿದರೆ ಹೊರಗೆ.

6. ಎಳೆ ಹರಿದಿದೆಯಾ ನೋಡ್ರಿ. ಕಾಣದಿದ್ದರೆ ಮೀಟರ್ ಹಚ್ಚಿದರೆ ಗೊತ್ತಾಗ್ತದ. ಹೊಸದು ಅದೇ ಅಳತೆ, ಅದೇ ವ್ಯಾಟ್. ಹೆಚ್ಚು ವ್ಯಾಟ್ ಹಾಕಿದರೆ ಒಳಗಿನ ಪ್ಲಾಸ್ಟಿಕ್ ಬಾಡ್ತದ.

7. ಹಳೇ ಬಲ್ಬಿಗೆ ಬಣ್ಣದ ರಬ್ಬರ್ ಟೋಪಿ ಇದ್ದರೆ ಅದನ್ನ ಹೊಸದಕ್ಕೆ ಹಾಕ್ರಿ. ಎಷ್ಟೋ ಕಾರಿನ ಹಸಿರು, ನೀಲಿ ಬೆಳಕು ಬಲ್ಬಿಂದಲ್ಲ, ಟೋಪಿದು!

8. ಪೂರಾ ಜೋಡಿಸೋ ಮೊದಲು ಕನೆಕ್ಟರ್ ಹಾಕಿ, ಬ್ಯಾಟರಿ ಜೋಡಿಸಿ, ಲೈಟ್ ಹಚ್ಚಿ ಪರೀಕ್ಷೆ ಮಾಡ್ರಿ.

ಎಳೆ ಬಲ್ಬಿನ ಬದಲು ಎಲ್‌ಇಡಿ ಹಾಕಿದರೆ ಅದಕ್ಕೆ ಪ್ಲಸ್-ಮೈನಸ್ ಐತಿ. ಹತ್ತದಿದ್ದರೆ ತೆಗೆದು ತಿರುವಿ ಹಾಕ್ರಿ.

ಮತ್ತ ಒಂದು ಮಾತು: ಹಝಾರ್ಡ್ ನಿಂತ ಗಾಡಿಗೆ. ಮಳಿಯಾಗ ಓಡಿಸ್ತಾ ಹಾಕಿದರೆ ನೀವು ಎಡಕ್ಕ ಹೊಳ್ತೀರೋ ಬಲಕ್ಕೋ ಹಿಂದಿನೋರಿಗೆ ತಿಳಿಯೋದಿಲ್ಲ.

———

ಭಾಗ 8/9: ಬಿಚ್ಚಲು ಬಾರದ ಬೆಳಕು

ಅಂಬಾಸಿಡರ್ 1957ರಿಂದ 2014ರವರೆಗೆ ತಯಾರಾಯ್ತು. ಮಾರುತಿ 800 ಬಂದದ್ದು 1983ರ ಡಿಸೆಂಬರ್, ನಿಂತದ್ದು 2014. ಅವುಗಳ ಹಿಂದೆ ಊರೂರಲ್ಲಿ ಒಂದು ರಿಪೇರಿ ವಿದ್ಯೆ ಬೆಳೀತು. ಮಿಸ್ತ್ರಿ ಕೈಕೆಳಗೆ ಹುಡುಗ, ಹುಡುಗ ಕಲಿತು ಇನ್ನೊಬ್ಬ ಮಿಸ್ತ್ರಿ. ಪುಸ್ತಕ ಇಲ್ಲ, ಸರ್ಟಿಫಿಕೇಟ್ ಇಲ್ಲ.

ಅತ್ತ ಬಲ್ಬಿನ ಶತ್ರು ತಯಾರಾಗ್ತಿತ್ತು. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಮಾಡಿದ. ನೀಲಿ ಬರೋಕೆ ಇನ್ನೂ ಮೂವತ್ತು ವರ್ಷ ಬೇಕಾಯ್ತು. ನೀಲಿ ಇಲ್ಲದೆ ಬಿಳಿ ಇಲ್ಲ. ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಿಕ್ಕಿದ್ದು ಅದಕ್ಕೇ. ನಮ್ಮ ಮೈಸೂರು ಲ್ಯಾಂಪ್ಸ್ ಅಷ್ಟೊತ್ತಿಗೆ ಮುಚ್ಚಿ ಹೋಗಿತ್ತು, 2003ರಲ್ಲಿ. 2015ರ ಜನವರಿಯಲ್ಲಿ ಉಜಾಲಾ ಯೋಜನೆ ಬಂತು, ಮನೆಮನೆಗೆ ಎಲ್‌ಇಡಿ ಬಲ್ಬು ಬಂತು.

ಎಲ್‌ಇಡಿ ಕೆಟ್ಟದ್ದು ಅಂತ ನಾ ಹೇಳಂಗಿಲ್ಲ. ಕರೆಂಟ್ ಕಡಿಮೆ, ಹರಿಯೋ ಎಳೆ ಇಲ್ಲ, ಕುಲುಕಿದರೆ ಭಯ ಇಲ್ಲ. ಆದರೆ ಹೊಸ ಕಾರಿನ ಸ್ವಿಚ್ಚಿನಲ್ಲಿ ಅದು ಹೋಲ್ಡರಿನಲ್ಲಿ ಕೂರೋದಿಲ್ಲ. ಅಕ್ಕಿ ಕಾಳಿಗಿಂತ ಸಣ್ಣದಾಗಿ ಬೋರ್ಡಿಗೇ ಬೆಸೆದಿರ್ತಾರ. ಸ್ವಿಚ್ಚನ್ನ ಬಿಚ್ಚೋಕೆ ಸ್ಕ್ರೂ ಇಲ್ಲ. ಬೆಳಕು ಹೋದರೆ ಸ್ವಿಚ್ ಹೋಯ್ತು. ಕೆಲವು ಗಾಡಿಯಲ್ಲಿ ಸ್ವಿಚ್ಚು ಎಸಿ ಪ್ಯಾನೆಲಿಗೇ ಅಂಟಿರ್ತದ, ಆಗ ಪ್ಯಾನೆಲೇ ಹೋಯ್ತು.

ಮಗ್ಗದ ಮೇಲೆ ಒಂದು ಎಳೆ ಹರಿದರೆ ನೇಕಾರ ಏನ್ಮಾಡ್ತಾನ? ಗಂಟು ಹಾಕ್ತಾನ. ಪೂರಾ ಹಾಸು ಕತ್ತರಿಸಿ ಬಿಸಾಡೋದಿಲ್ಲ. ಹೊಸ ಸ್ವಿಚ್ಚು ಹೇಳೋದು "ಒಂದು ಎಳೆ ಹೋಯ್ತು, ಹಾಸು ಬದಲಿಸು" ಅಂತ.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ "ರಿಪೇರಿ ಹಕ್ಕು" ಬಗ್ಗೆ ಸಮಿತಿ ಮಾಡ್ತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ಲೂ ಬಂತು. ಅದರಲ್ಲಿ ನಾಲ್ಕು ವಿಭಾಗ: ಕೃಷಿ ಯಂತ್ರ, ಮೊಬೈಲ್-ಎಲೆಕ್ಟ್ರಾನಿಕ್ಸ್, ಗೃಹ ಬಳಕೆ ಉಪಕರಣ, ಮತ್ತ ವಾಹನ. ಟ್ರ್ಯಾಕ್ಟರೂ ಬಂತು, ಕಾರೂ ಬಂತು. ನಮ್ಮ ತಾಲೂಕಿನ ಪೂರಾ ಜೀವನ ಬಂದಂಗಾತು! ಬಿಡಿ ಭಾಗ ಸಿಗಬೇಕು, ಮಾಹಿತಿ ಸಿಗಬೇಕು, ಹೊರಗಿನ ಮಿಸ್ತ್ರಿ ಕೈಯಿಂದಲೂ ಮಾಡಿಸೋ ಹಾಗಿರಬೇಕು ಅನ್ನೋದು ಅದರ ಆಶಯ. ಆಶಯ ಬೇರೆ, ಅಂಗಡಿಯ ಕಪಾಟಿನಲ್ಲಿ ಆ ಬಿಡಿ ಭಾಗ ಇರೋದು ಬೇರೆ.

———

ಭಾಗ 9/9: ಲೆಕ್ಕ ಯಾರ ಪುಸ್ತಕದಾಗ?

ಅಕೌಂಟ್ಸ್ ಕ್ಲಾಸಿನಲ್ಲಿ "ರಿಪೇರಿ ಮತ್ತು ನಿರ್ವಹಣೆ" ಅನ್ನೋ ಖಾತೆ ಬರೀತೀವಿ. ಖರ್ಚಿನ ಕಡೆ ಹೋಗೋ ಒಂದು ಸಾಲು. ನನಗ ಈ ಸರಣಿ ಬರಿಯೋವಾಗ ಅನಿಸಿದ್ದು, ಆ ಸಾಲು ಗಾಡಿ ಮಾಲಕನ ಪುಸ್ತಕದಾಗ ಖರ್ಚು, ಆದರೆ ಊರ ಪುಸ್ತಕದಾಗ ಆದಾಯ. ಬಲ್ಬು ಬದಲಿಸಿದ ರೊಕ್ಕ ತೇರದಾಳದ ಒಬ್ಬ ಮಿಸ್ತ್ರಿ ಮನಿಗೆ ಹೋಗ್ತದ. ಅಲ್ಲಿಂದ ಕಿರಾಣಿ ಅಂಗಡಿಗೆ, ಶಾಲಿ ಫೀಗೆ, ನಮ್ಮೂರೊಳಗೇ ತಿರುಗ್ತದ. ಪೂರಾ ಸ್ವಿಚ್ ಬದಲಿಸಿದರೆ ರೊಕ್ಕದ ದೊಡ್ಡ ಪಾಲು ಊರು ದಾಟಿ ಹೋಗ್ತದ, ಇಲ್ಲಿ ಉಳಿಯೋದು ಕಸದ ಬುಟ್ಟಿಯಲ್ಲಿ ಒಂದು ಪ್ಲಾಸ್ಟಿಕ್ ಸ್ವಿಚ್ಚು.

ಕೆಲಸದ ಮಾತಷ್ಟೇ ಅಲ್ಲ, ವಿದ್ಯೆಯ ಮಾತೂ ಹೌದು. ಕಿರ್ಲೋಸ್ಕರ್ ಕಥಿ ನೆನಪೈತಿ ಅಲ್ಲ? ಸೈಕಲ್ ಬಿಚ್ಚಿ ಜೋಡಿಸಿದ ಕೈ ನೇಗಿಲು ಎರಕ ಹೊಯ್ತು. ಬಿಚ್ಚೋಕೆ ಬರೋ ವಸ್ತು ಒಂದು ಶಾಲೆ ಇದ್ದಂಗ. ಹತ್ತು ವರ್ಷದ ಹುಡುಗ ಸ್ವಿಚ್ ಬಿಚ್ಚಿ ಒಳಗಿನ ಬಲ್ಬು ನೋಡಿದರೆ ಅವನಿಗೆ ಒಂದು ಪ್ರಶ್ನೆ ಹುಟ್ತದ. ಬಿಚ್ಚೋಕೇ ಬಾರದ ವಸ್ತು ಕೈಗೆ ಕೊಟ್ಟರೆ ಅವನು ಕಲಿಯೋದು ಒಂದೇ: ಕೆಟ್ಟರೆ ಬಿಸಾಡು.

ನಾವು ಕಾಲೇಜು ಹುಡುಗರು ಕಾರು ಕಂಪನಿಗೆ ಹೇಳಿ ಸ್ವಿಚ್ ಬದಲಿಸೋಕೆ ಆಗಂಗಿಲ್ಲ, ಖರೆ. ಆದರ ಮೂರು ಕೆಲಸ ಆಗ್ತಾವ.

ಒಂದು, ಮನಿ ಗಾಡಿಯ ಹಝಾರ್ಡ್ ಗುಂಡಿ ಇವತ್ತು ರಾತ್ರಿ ಹೊಳೀತದೋ ಇಲ್ಲೋ ನೋಡ್ರಿ. ಇಲ್ಲದಿದ್ದರೆ ಕಬ್ಬಿನ ಸೀಜನ್ ಬರೋ ಮೊದಲು ಸರಿ ಮಾಡಿಸ್ರಿ.

ಎರಡು, "ಪೂರಾ ಬದಲಿಸಬೇಕು" ಅಂತ ಯಾರಾದರೂ ಅಂದರೆ, "ಒಳಗ ಏನು ಹೋಗೇತಿ, ತೋರಸ್ರಿ" ಅಂತ ಒಂದು ಮಾತು ಕೇಳ್ರಿ. ಕೇಳೋದಕ್ಕ ಜಿಎಸ್‌ಟಿ ಇಲ್ಲ.

ಮೂರು, ನಿಮ್ಮೂರಿನ ಹಳೇ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಹತ್ತು ನಿಮಿಷ ಕುಂದರ್ರಿ. ಅವರು ಯಾರ ಹತ್ತಿರ ಕಲಿತರು, ಮೊದಲು ಯಾವ ಗಾಡಿ ಮುಟ್ಟಿದರು, ಈಗ ಯಾವ ಕೆಲಸ ಬರೋದು ನಿಂತೈತಿ ಅಂತ ಕೇಳಿ ಬರ್ಕೊಳ್ರಿ. ಬಲ್ಬಿನ ಇತಿಹಾಸ ಪುಸ್ತಕದಾಗ ಸಿಗ್ತದ, ಅವರದ್ದು ಎಲ್ಲೂ ಅಚ್ಚಾಗಿಲ್ಲ. ಅವರು ಅಂಗಡಿ ಬಾಗಿಲು ಹಾಕಿದ ದಿನ ಅದೂ ಹೋಗ್ತದ.

ಬರ್ಕೊಂಡಿದ್ದನ್ನ ಕಮೆಂಟಿನಾಗ ಹಾಕ್ರಿ. ರಬಕವಿ, ಬನಹಟ್ಟಿ, ಮಹಾಲಿಂಗಪುರ, ಬೀಳಗಿ, ಯಾವ ಊರಾದರೂ ನಡೀತದ. ಹತ್ತು ಜನರದ್ದು ಬಂದರೆ ಮುಂದಿನ ಸರಣಿ ಪೂರಾ ಅವರದ್ದೇ. 🙏

#ತೇರದಾಳ #ಬಾಗಲಕೋಟೆ #ನಮ್ಮಊರಇತಿಹಾಸ #ರಿಪೇರಿಹಕ್ಕು #ಮೈಸೂರುಲ್ಯಾಂಪ್ಸ್ #ಬಿಕಾಂಹುಡುಗ್ರು #ಉತ್ತರಕರ್ನಾಟಕ